ಹೊಸ ಐಪ್ಯಾಡ್ ಬಂತು. ಶಿರಸಿಯ ಅಂಗಳದ ಪ್ರಶ್ನೆ ಯಾರೂ ಕೇಳಲಿಲ್ಲ

ಆ್ಯಪಲ್ ಕಂಪನಿ ಹೊಸ ಐಪ್ಯಾಡ್ ಪ್ರೊ ಪ್ರಕಟಿಸಿದ್ದು 2025ರ ಅಕ್ಟೋಬರ್ 15ರಂದು. ಒಳಗೆ ಎಂ5 ಎಂಬ ಹೊಸ ಚಿಪ್. ಹೊರಗಿನಿಂದ ನೋಡಿದರೆ 2024ರ ಮೇ ತಿಂಗಳಲ್ಲಿ ಬಂದ ಎಂ4 ಮಾದರಿಯ ಅವಳಿ. ಅಂಗಡಿಗೆ ಬಂದದ್ದು ಅಕ್ಟೋಬರ್ 22ಕ್ಕೆ. ಅಂದು ಬಲಿಪಾಡ್ಯಮಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ದೊಡ್ಡಹಬ್ಬದ ಗೋಪೂಜೆ ಮುಗಿಸಿ, ಬೆಂಗಳೂರಿನಿಂದ ಬಂದ ಮಕ್ಕಳು ಜಗುಲಿಯಲ್ಲಿ ಕೂತು ಮೊಬೈಲ್ ತೆರೆದರೆ ಕಾಣುವುದು ಇದರದೇ ವಿಮರ್ಶೆ.

ಆ ವಿಮರ್ಶೆಗಳನ್ನು ಸಾಲಾಗಿ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಒಬ್ಬರ ಪ್ರಕಾರ ಇಷ್ಟು ವೇಗದ ಟ್ಯಾಬ್ಲೆಟ್ ಇನ್ನೊಂದಿಲ್ಲ. ಇನ್ನೊಬ್ಬರ ಪ್ರಕಾರ ಈ ವೇಗದಿಂದ ಮಾಡುವ ಕೆಲಸವೇ ಇಲ್ಲ. ಮೂರನೆಯವರು ಕೊನೆಗೂ ಇದು ಲ್ಯಾಪ್‌ಟಾಪ್ ಆಯಿತು ಎನ್ನುತ್ತಾರೆ, ನಾಲ್ಕನೆಯವರು ಅದೇ ದುಡ್ಡಿಗೆ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎನ್ನುತ್ತಾರೆ. ಒಂದೇ ವಸ್ತು, ಒಂದೇ ವಾರ. ಮಗಳ ಕಾಲೇಜಿಗೆಂದೋ ಯಕ್ಷಗಾನ ಪ್ರಸಂಗ ಓದಲೆಂದೋ ಟ್ಯಾಬ್ಲೆಟ್ ಕೊಳ್ಳುವ ಯೋಚನೆಯಲ್ಲಿದ್ದವರು ಯಾರ ಮಾತು ನಂಬಬೇಕು?

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಳೆಯುತ್ತಿರುವ ಕೋಲು ಮಾತ್ರ ಬೇರೆ ಬೇರೆ, ಮತ್ತು ಆ ಕೋಲುಗಳಲ್ಲಿ ಒಂದೂ ಉತ್ತರ ಕನ್ನಡದ ಹವೆ, ಸಿಗ್ನಲ್, ಭಾಷೆಗೆ ತಕ್ಕಂತೆ ಮಾಡಿದ್ದಲ್ಲ.

ಕೂಸು ಹುಟ್ಟುವ ಮುನ್ನ ಕುಲಾವಿ

ಮೊದಲ ಪ್ರತಿಕ್ರಿಯೆಗಳು ಹುಟ್ಟುವ ಕ್ರಮವನ್ನು ಗಮನಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಪ್ರಕಟಣೆಯ ದಿನವೇ ಬರುವ ಅಭಿಪ್ರಾಯ ಕಂಪನಿಯ ಪ್ರಕಟಣೆಯನ್ನು ಓದಿ ಬರೆದದ್ದು. ಯಂತ್ರವನ್ನು ಮುಟ್ಟಿದವರು ಆಗ ಬೆರಳೆಣಿಕೆಯಷ್ಟು ಮಂದಿ. ಅದರ ನಂತರದ ಅಲೆ ಆಯ್ದ ವಿಮರ್ಶಕರದ್ದು. ಅವರಿಗೆ ಕಂಪನಿ ಯಂತ್ರವನ್ನು ಮೊದಲೇ ಕಳುಹಿಸುತ್ತದೆ, ಜೊತೆಗೊಂದು ಗಡುವು ಹಾಕುತ್ತದೆ: ಇಂಥ ದಿನ, ಇಂಥ ಗಂಟೆಗೆ ಮುಂಚೆ ಏನನ್ನೂ ಪ್ರಕಟಿಸುವಂತಿಲ್ಲ. ಆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ತಡವಾದರೆ ಓದುಗರು ಕೈತಪ್ಪುತ್ತಾರೆ.

ಒಂದು ವಾರ ಕೈಯಲ್ಲಿದ್ದ ಯಂತ್ರದಲ್ಲಿ ಅಳೆಯಲು ಸಾಧ್ಯವಾದದ್ದನ್ನಷ್ಟೇ ಅಳೆಯಬಹುದು. ಚಿಪ್‌ನ ವೇಗ ಹತ್ತು ನಿಮಿಷದಲ್ಲಿ ಸಿಗುವ ಸಂಖ್ಯೆ. ತೆಳುವೆಷ್ಟು ಎಂಬುದಕ್ಕೆ ಕ್ಯಾಲಿಪರ್ ಸಾಕು. ಎರಡು ಮಳೆಗಾಲ ಕಳೆದ ಮೇಲೆ ಚಾರ್ಜಿಂಗ್ ಕಿಂಡಿಯ ಗತಿ ಏನು, ಮೂರನೇ ವರ್ಷ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ವಾರದೊಳಗೆ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆ ವಿಮರ್ಶೆಯಿಂದಲೇ ಮಾಯವಾಗುತ್ತದೆ. ಹೀಗಾಗಿ ಸುಲಭವಾಗಿ ಅಳೆಯಬಹುದಾದದ್ದೇ ಮುಖ್ಯವಾದದ್ದು ಎಂಬ ಭ್ರಮೆ ಓದುಗರಲ್ಲಿ ಬೇರೂರುತ್ತದೆ.

ಈಗ ಆ ವೈರುಧ್ಯಕ್ಕೆ ಬರೋಣ. ಎಂ5 ಚಿಪ್ ವೇಗವಾಗಿದೆ ಎಂಬುದು ನಿಜ. ಕೃತಕ ಬುದ್ಧಿಮತ್ತೆಯ ಕೆಲಸಗಳಲ್ಲಿ ಎಂ4ಕ್ಕಿಂತ ಗರಿಷ್ಠ 3.5 ಪಟ್ಟು ಎಂದು ಕಂಪನಿಯೇ ಹೇಳಿಕೊಂಡಿದೆ. ಆ ವೇಗ ಬಹಳ ಮಂದಿಗೆ ಉಪಯೋಗಕ್ಕಿಲ್ಲ ಎಂಬುದೂ ನಿಜ. ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡ ಕಾರಿನ ಎಂಜಿನ್ ಎಷ್ಟು ಅಶ್ವಶಕ್ತಿಯದ್ದಾದರೇನು? ಐಪ್ಯಾಡ್‌ನ ಲಾರಿ ಅದರ ಸಾಫ್ಟ್‌ವೇರ್. ಮ್ಯಾಕ್ ಕಂಪ್ಯೂಟರಿನಲ್ಲಿ ಸಾಧ್ಯವಾಗುವ ಎಷ್ಟೋ ಕೆಲಸಗಳನ್ನು, ಅದೇ ಜಾತಿಯ ಚಿಪ್ ಇದ್ದರೂ, ಐಪ್ಯಾಡ್‌ನಲ್ಲಿ ಮಾಡಲು ಬಿಡುತ್ತಿರಲಿಲ್ಲ ಎಂಬುದು ಹಳೆಯ ದೂರು. ಸೆಪ್ಟೆಂಬರ್ 15ರಂದು ಬಂದ ಐಪ್ಯಾಡ್ ಓಎಸ್ 26 ಎಂಬ ಹೊಸ ಸಾಫ್ಟ್‌ವೇರ್ ಆ ದೂರಿಗೆ ಸಾಕಷ್ಟು ಉತ್ತರ ಕೊಟ್ಟಿತು. ಕಿಟಕಿಗಳನ್ನು ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸಬಹುದು, ಮೇಲೆ ಮೆನು ಪಟ್ಟಿ ಇದೆ, ದೊಡ್ಡ ಕೆಲಸಗಳು ಹಿನ್ನೆಲೆಯಲ್ಲಿ ನಡೆಯುತ್ತವೆ. ‘ಕೊನೆಗೂ ಲ್ಯಾಪ್‌ಟಾಪ್ ಆಯಿತು’ ಎಂದವರು ಹೊಗಳಿದ್ದು ಈ ಸಾಫ್ಟ್‌ವೇರನ್ನು.

ಆದರೆ ಈ ಸಾಫ್ಟ್‌ವೇರ್ ಹಳೆಯ ಐಪ್ಯಾಡ್‌ಗಳಿಗೂ ಪುಕ್ಕಟೆಯಾಗಿ ಬಂದಿದೆ. 2018ರ ಐಪ್ಯಾಡ್ ಪ್ರೊ ಕೂಡ ಅದನ್ನು ಓಡಿಸುತ್ತದೆ. ಅಂದರೆ ಹೊಸ ಯಂತ್ರಕ್ಕೆ ಸಂದ ಹೊಗಳಿಕೆಯಲ್ಲಿ ಒಂದು ಪಾಲು ಏಳು ವರ್ಷ ಹಳೆಯ ಯಂತ್ರಕ್ಕೂ ಸಲ್ಲಬೇಕು. ಹೊಗಳಿದವರೂ ‘ಹಳೆಯದಿದ್ದರೆ ಹೊಸದು ಬೇಡ’ ಎಂದು ಮುಗಿಸಿದ್ದು ಇದೇ ಕಾರಣಕ್ಕೆ.

ನಗೆಪಾಟಲಾದ ಯಂತ್ರ ಗೆದ್ದಿತು, ಹೊಗಳಿಸಿಕೊಂಡ ಯಂತ್ರ ಬಿದ್ದಿತು

ಮೊದಲ ಮಾತು ಎಷ್ಟು ಎಡವಬಹುದು ಎಂಬುದಕ್ಕೆ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಐಪ್ಯಾಡ್ ತೋರಿಸಿದಾಗ ಜಗತ್ತು ನಕ್ಕಿತು. ಕ್ಯಾಮೆರಾ ಇಲ್ಲ, ಯುಎಸ್‌ಬಿ ಕಿಂಡಿ ಇಲ್ಲ, ಅಂದು ವೆಬ್ ವಿಡಿಯೊಗಳು ಬಳಸುತ್ತಿದ್ದ ಫ್ಲ್ಯಾಶ್ ಓಡುವುದಿಲ್ಲ, ಎರಡು ಆ್ಯಪ್ ಒಟ್ಟಿಗೆ ನಡೆಯುವುದಿಲ್ಲ. ಹೆಸರನ್ನೂ ಬಿಡದೆ ಹಾಸ್ಯ ಮಾಡಿದರು. ‘ಉಬ್ಬಿಸಿದ ಐಪಾಡ್ ಟಚ್’ (ಆ್ಯಪಲ್ಲಿನದೇ ಅಂಗೈ ಸಂಗೀತ ಯಂತ್ರ) ಎಂಬ ಮೂದಲಿಕೆ ಎಲ್ಲೆಡೆ ಕೇಳಿಸಿತು. ಏಪ್ರಿಲ್ 3ಕ್ಕೆ ಮಾರಾಟ ಶುರುವಾಯಿತು. 28 ದಿನಗಳಲ್ಲಿ ಹತ್ತು ಲಕ್ಷ ಖರ್ಚಾದವು. ಭಾರತಕ್ಕೆ ಅದು 2011ರ ಜನವರಿಯಲ್ಲಿ, 27,900 ರೂಪಾಯಿಯ ಆರಂಭಿಕ ಬೆಲೆಗೆ ಬಂತು. ನಕ್ಕವರು ಪಟ್ಟಿ ಮಾಡಿದ ಕೊರತೆಗಳೆಲ್ಲ ನಿಜವೇ ಆಗಿದ್ದವು. ಆದರೆ ಅವರು ಅದನ್ನು ಲ್ಯಾಪ್‌ಟಾಪಿನ ಪಕ್ಕ ನಿಲ್ಲಿಸಿ ಕೊರತೆ ಎಣಿಸಿದರು. ಕೊಂಡವರು ಅದನ್ನು ಮಂಚದ ಮೇಲೆ, ಸೋಫಾದಲ್ಲಿ, ಅಡುಗೆಮನೆಯಲ್ಲಿ ಬಳಸಿದರು. ಅಲ್ಲಿ ಲ್ಯಾಪ್‌ಟಾಪ್ ಮೊದಲೂ ಇರಲಿಲ್ಲ.

ಮರುವರ್ಷ, 2011ರ ಅಕ್ಟೋಬರ್ 5ರಂದು, ದೆಹಲಿಯಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಐಐಟಿ ರಾಜಸ್ಥಾನ ಮತ್ತು ಡೇಟಾವಿಂಡ್ ಕಂಪನಿಯ ಸಹಯೋಗ. ಸರ್ಕಾರಕ್ಕೆ ಬೀಳುವ ಬೆಲೆ 2,276 ರೂಪಾಯಿ. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ವಿದೇಶಿ ಪತ್ರಿಕೆಗಳೂ ಕೊಂಡಾಡಿದವು. ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಕೈಗೆ ಬಂದಾಗ ಗೊತ್ತಾದದ್ದು, ಪರದೆ ಸ್ಪರ್ಶಕ್ಕೆ ಓಗೊಡುತ್ತಿರಲಿಲ್ಲ, ಒತ್ತಬೇಕಿತ್ತು. ಬ್ಯಾಟರಿ ಬೇಗ ಮಲಗುತ್ತಿತ್ತು. ಯೋಜನೆ ಐಐಟಿ ಬಾಂಬೆಗೆ ವರ್ಗವಾಯಿತು, 2012ರ ನವೆಂಬರಿನಲ್ಲಿ ಸುಧಾರಿತ ‘ಆಕಾಶ್ 2’ ಬಂತು, ಆಮೇಲೆ ಸುದ್ದಿಯೂ ನಿಂತಿತು. ಇಲ್ಲಿ ಹೊಗಳಿದವರ ಕೈಯಲ್ಲಿದ್ದ ಕೋಲು ಬೆಲೆ ಒಂದೇ. ಅಗ್ಗವೇ ಹೌದು. ಆದರೆ ಪಠ್ಯಪುಸ್ತಕದ ಪುಟ ತಿರುಗಿಸಲು ಹೆಬ್ಬೆರಳು ಒತ್ತಿ ಕಾಯುವ ವಿದ್ಯಾರ್ಥಿಗೆ 2,276 ರೂಪಾಯಿಯ ಸಮಾಧಾನ ಎಷ್ಟು ದಿನ ಉಳಿದೀತು?

ಇನ್ನೊಂದು ತುದಿಯಲ್ಲಿ ಬಿಲ್ ಗೇಟ್ಸ್ ಇದ್ದಾರೆ. ಐದು ವರ್ಷದೊಳಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಂಪ್ಯೂಟರ್ ಟ್ಯಾಬ್ಲೆಟ್ ರೂಪದ್ದೇ ಆಗಿರುತ್ತದೆ ಎಂದು ಅವರು 2001ರಲ್ಲಿ ಹೇಳಿದ್ದರು. 2006 ಬಂದು ಹೋಯಿತು.

ಬೆಲೆಯ ಲೆಕ್ಕ: ಅಮೆರಿಕದಲ್ಲಿ ಅಗ್ಗವೇ?

ಪ್ರತಿ ಬಿಡುಗಡೆಯ ಬೆನ್ನಿಗೇ ಬರುವ ಸಿಟ್ಟು ಇದು: 11 ಇಂಚಿನ ಐಪ್ಯಾಡ್ ಪ್ರೊ ಅಮೆರಿಕದಲ್ಲಿ 999 ಡಾಲರ್, ನಮ್ಮಲ್ಲಿ 99,900 ರೂಪಾಯಿ, ನಮ್ಮನ್ನು ಸುಲಿಯುತ್ತಿದ್ದಾರೆ. ಈ ಸಿಟ್ಟನ್ನು ಒಮ್ಮೆ ಕಾಗದದ ಮೇಲೆ ಕೂಡಿ ನೋಡಬೇಕು. ಅಕ್ಟೋಬರ್ 2025ರಲ್ಲಿ ಡಾಲರಿಗೆ ಸುಮಾರು 88 ರೂಪಾಯಿ. 999 ಡಾಲರ್ ಅಂದರೆ ಸುಮಾರು 87,900 ರೂಪಾಯಿ. ಅಮೆರಿಕದ ಪ್ರಕಟಿತ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದನ್ನು ಬಿಲ್ ಮಾಡುವಾಗ ಆಯಾ ರಾಜ್ಯದ ದರದಲ್ಲಿ ಸೇರಿಸುತ್ತಾರೆ. ನಮ್ಮ ಎಂಆರ್‌ಪಿಯಲ್ಲಿ ಶೇ 18ರ ಜಿಎಸ್‌ಟಿ ಸೇರಿಯೇ ಇದೆ. 87,900ಕ್ಕೆ ಶೇ 18 ಸೇರಿಸಿದರೆ 1,03,700 ದಾಟುತ್ತದೆ. ಅಂದರೆ 99,900 ಅದಕ್ಕಿಂತ ಕಡಿಮೆ. 2025ರ ಮಾರ್ಚ್‌ನಲ್ಲಿ ಬಂದ ಸಾದಾ ಐಪ್ಯಾಡ್‌ನದೂ ಇದೇ ಕಥೆ: 349 ಡಾಲರಿನ ಯಂತ್ರ, ಇಲ್ಲಿ 34,900 ರೂಪಾಯಿ.

ಇದಕ್ಕೊಂದು ಕಾರಣವಿದೆ. ಕಾನೂನಿನ ಕಣ್ಣಿಗೆ ಟ್ಯಾಬ್ಲೆಟ್ ಒಂದು ಕಂಪ್ಯೂಟರ್. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ್ದರಿಂದ ಕಂಪ್ಯೂಟರಿಗೆ ಮೂಲ ಆಮದು ಸುಂಕ ಸೊನ್ನೆ. ಮೊಬೈಲ್ ಫೋನಿಗೆ ಶೇ 15 ಇದೆ. ಹೊರಗಿನಿಂದ ಬರುವ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳಿಗೆ ಲಗಾಮು ಹಾಕಲು ಕೇಂದ್ರ ಸರ್ಕಾರ 2023ರ ಆಗಸ್ಟ್ 3ರಂದು ಪರವಾನಗಿ ಆದೇಶ ಹೊರಡಿಸಿತ್ತು. ಗದ್ದಲವಾದ ಮೇಲೆ ಅದನ್ನು ಮುಂದೂಡಿ, ಆನ್‌ಲೈನ್ ಅನುಮತಿ ಪಡೆದು ತರಿಸುವ ವ್ಯವಸ್ಥೆಗೆ ಇಳಿಸಲಾಯಿತು. ಆ ಲಗಾಮು ಮತ್ತೆ ಬಿಗಿಯಾದರೆ ಬೆಲೆಯ ಈ ಲೆಕ್ಕ ಬದಲಾಗುತ್ತದೆ.

ಹಾಗಾದರೆ ದುಬಾರಿ ಎಂಬ ದೂರು ಸುಳ್ಳೇ? ಅಲ್ಲ, ಅದು ತಪ್ಪು ಬಾಗಿಲು ತಟ್ಟುತ್ತಿದೆ ಅಷ್ಟೆ. ಅಸಲಿ ಖರ್ಚು ಇರುವುದು ಸಲಕರಣೆಯಲ್ಲಿ. 11 ಇಂಚಿನ ಐಪ್ಯಾಡ್ ಪ್ರೊಗೆ ಕೀಬೋರ್ಡ್ 29,900, ಪೆನ್ಸಿಲ್ 11,900. ಯಂತ್ರವೂ ಸೇರಿ ಒಟ್ಟು 1,41,700 ರೂಪಾಯಿ. ಅದೇ ಕಂಪನಿಯ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಕೀಬೋರ್ಡ್ ಸಮೇತ 99,900ಕ್ಕೆ ಬಂದಿತ್ತು. ‘ಇದು ಲ್ಯಾಪ್‌ಟಾಪ್ ಆಯಿತು’ ಎಂದವರೂ ‘ಲ್ಯಾಪ್‌ಟಾಪನ್ನೇ ಕೊಳ್ಳಿ’ ಎಂದವರೂ ಕೈ ಕುಲುಕಬೇಕಾದ ಜಾಗ ಇದೇ.

ಉಪ್ಪುಗಾಳಿ, ಒದ್ದೆ ಬೆರಳು, ಅಡಿಕೆ ಅಂಗಳದ ಬಿಸಿಲು

ಇನ್ನು ವಿಮರ್ಶಕರು ಕೇಳದ ಪ್ರಶ್ನೆಗಳು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಐಪ್ಯಾಡ್‌ನ ತಾಂತ್ರಿಕ ವಿವರಗಳ ಕೊನೆಯಲ್ಲಿ, ಯಾರೂ ಓದದ ಮೂಲೆಯಲ್ಲಿ, ಎರಡು ಸಾಲುಗಳಿವೆ: ಬಳಸಬೇಕಾದ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ 5ರಿಂದ 95, ಹನಿಗಟ್ಟದಂತೆ. ಏಪ್ರಿಲ್ ಮಧ್ಯಾಹ್ನದ ಕಾರವಾರ ಈ ಉಷ್ಣದ ಅಂಚಿನಲ್ಲೇ ಇರುತ್ತದೆ. ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಚು ದಾಟಿದಂತೆಯೇ. ಜುಲೈ ತಿಂಗಳಲ್ಲಿ ‘ಹನಿಗಟ್ಟದಂತೆ’ ಎಂಬ ಷರತ್ತೇ ದೊಡ್ಡದು. ಎಸಿ ಕೋಣೆಯಲ್ಲಿ ತಣ್ಣಗಾದ ಲೋಹದ ಯಂತ್ರವನ್ನು ಹೊರಗೆ ತಂದರೆ, ತಂಬಿಗೆಯ ತಣ್ಣೀರಿನ ಹೊರಮೈಗೆ ಬೆವರು ಬಂದ ಹಾಗೆ, ಅದರ ಮೈಗೂ ಹನಿ ಮೂಡುತ್ತದೆ. ಹನಿ ಕಿಂಡಿಯೊಳಗೂ ಮೂಡಬಹುದು. ಅದಕ್ಕೆ ಕಡಲಿನ ಉಪ್ಪು ಸೇರಿದರೆ ಚಾರ್ಜಿಂಗ್ ಕಿಂಡಿಯ ಲೋಹದ ಹಲ್ಲುಗಳು ಹಸಿರುಗಟ್ಟಲು ಬಹಳ ಕಾಲ ಬೇಡ.

ಬೈತಖೋಲ ಬಂದರಿನಲ್ಲಿ ದೋಣಿ ಇಳಿಸಿ ಬಂದವರ ಬೆರಳು ಇನ್ನೊಂದು ಪರೀಕ್ಷೆ. ಇಂದಿನ ಎಲ್ಲ ಒಳ್ಳೆಯ ಟ್ಯಾಬ್ಲೆಟ್‌ಗಳ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಸ್ಪರ್ಶವನ್ನು ಅರ್ಥಮಾಡಿಕೊಳ್ಳುತ್ತದೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ಯಂತ್ರಕ್ಕೆ ನಾಲ್ಕು ಬೆರಳು ಕಂಡಂತಾಗಿ, ಒತ್ತಿದ್ದು ಒಂದು, ತೆರೆದದ್ದು ಇನ್ನೊಂದು. ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇಂಕಾಯಿಸ್ ಮೀನು ಸಿಗುವ ವಲಯದ ಮುನ್ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತದೆ. ಅದನ್ನು ದೊಡ್ಡ ಪರದೆಯಲ್ಲಿ ನೋಡುವ ಆಸೆ ಸಹಜ. ಆದರೆ ದೋಣಿಯ ಮೇಲೆ ಅದೇ ಪರದೆ ಕೈಕೊಡುತ್ತದೆ. ತಮಾಷೆಯೆಂದರೆ, ಎಲ್ಲರೂ ಬೈದ ಆಕಾಶ್‌ನ ಪರದೆ ಒತ್ತಡದಿಂದ ನಡೆಯುತ್ತಿತ್ತು. ಒದ್ದೆ ಬೆರಳಿಗೂ ಅದು ಅಷ್ಟೇ ನಿಧಾನವಾಗಿ, ಅಷ್ಟೇ ಪ್ರಾಮಾಣಿಕವಾಗಿ ಓಗೊಡುತ್ತಿತ್ತು.

ಐಪ್ಯಾಡ್‌ಗೆ ನೀರು ತಡೆಯುವ ಅಧಿಕೃತ ದರ್ಜೆ ಯಾವುದೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್11ಕ್ಕೆ ಐಪಿ68 ಇದೆ. ಪೆನ್ ಕೂಡ ಡಬ್ಬದೊಳಗೇ ಬರುತ್ತದೆ. ಹಾಗೆಂದು ಕಡಲಿಗೆ ಒಯ್ಯಬಹುದು ಎಂದಲ್ಲ. ಆ ಪರೀಕ್ಷೆ ಸಿಹಿನೀರಿನದ್ದು, ಕಡಲತೀರದ ಬಳಕೆ ಬೇಡವೆಂದು ಕಂಪನಿಯೇ ಸಣ್ಣ ಅಕ್ಷರದಲ್ಲಿ ಹೇಳಿದೆ. ಆದರೂ ಮಳೆಯ ಇರಚಲಿಗೂ ಒದ್ದೆ ಚೀಲಕ್ಕೂ ಅಂಜದಿರಲು ಆ ದರ್ಜೆ ಸಾಕು. ಜಗತ್ತಿನ ವಿಮರ್ಶೆಗಳಲ್ಲಿ ಒಂದು ಸಾಲು ಪಡೆದ ಈ ವ್ಯತ್ಯಾಸ ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ತೂಕವುಳ್ಳದ್ದು.

ಘಟ್ಟದ ಮೇಲೆ ಹೋದರೆ ಪ್ರಶ್ನೆ ಬೆಳಕಿನದ್ದು. ದೀಪಾವಳಿ ಕಳೆಯುತ್ತಿದ್ದಂತೆ ಅಡಿಕೆ ಕೊಯ್ಲು ಶುರು. ಅಂಗಳದ ತುಂಬ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಒಣಗಲು ಹರವಿರುವ ಹೊತ್ತಿನಲ್ಲಿ ಮಾರುಕಟ್ಟೆಯ ದರ ನೋಡಬೇಕು, ಮಗನಿಗೆ ವಿಡಿಯೊ ಕರೆಯಲ್ಲಿ ತೋಟ ತೋರಿಸಬೇಕು. 34,900 ರೂಪಾಯಿಯ ಸಾದಾ ಐಪ್ಯಾಡ್‌ನ ಪರದೆ 500 ನಿಟ್ಸ್ ಹೊಳಪಿನದ್ದು. ಅದರ ಗಾಜಿಗೂ ಒಳಗಿನ ಪರದೆಗೂ ನಡುವೆ ತೆಳುವಾದ ಗಾಳಿಯ ಪದರವಿದೆ, ಪ್ರತಿಫಲನ ತಡೆಯುವ ಲೇಪವಿಲ್ಲ. ಅಂಗಳದಲ್ಲಿ ಅದನ್ನು ಹಿಡಿದರೆ ಮೊದಲು ಕಾಣುವುದು ನೋಡುವವರದೇ ಮುಖ, ಆಮೇಲೆ ಹಿಂದಿನ ಸೂರು, ಅದರಾಚೆ ಎಲ್ಲೋ ಅಡಿಕೆ ದರ. ಪ್ರೊ ಮಾದರಿಯ ಓಎಲ್‌ಇಡಿ ಪರದೆ 1,000 ನಿಟ್ಸ್, ಲೇಪವೂ ಇದೆ. ಎಂ5 ಚಿಪ್‌ನ ಬಗ್ಗೆ ಪುಟಗಟ್ಟಲೆ ಬರೆದವರು ಈ ಪರದೆಯನ್ನು ‘ಹಿಂದಿನದೇ’ ಎಂದು ಒಂದೇ ಪದದಲ್ಲಿ ದಾಟಿದ್ದಾರೆ. ಅಂಗಳದ ಮಟ್ಟಿಗೆ ಮಾತ್ರ ಹೆಚ್ಚಿನ ದುಡ್ಡು ಸಾರ್ಥಕವಾಗುವುದು ಅಲ್ಲಿಯೇ.

ಸಿಮ್ ಎಲ್ಲಿ ಹಾಕುವುದು?

ಸಿಮ್ ಇರುವ ಮಾದರಿ ಬೇಕೆಂದರೆ ಐಪ್ಯಾಡ್ ಪ್ರೊಗೆ 20,000 ರೂಪಾಯಿ ಹೆಚ್ಚು. ಅಷ್ಟು ಕೊಟ್ಟರೂ ಸಿಮ್ ತೂರಿಸಲು ತಟ್ಟೆಯೇ ಇಲ್ಲ. 2024ರ ಮಾದರಿಯಿಂದಲೇ ಅದನ್ನು ತೆಗೆದು, ಯಂತ್ರದೊಳಗೇ ಅಡಗಿರುವ ಡಿಜಿಟಲ್ ಸಿಮ್ ಆದ ಇಸಿಮ್ ಮಾತ್ರ ಉಳಿಸಿದ್ದಾರೆ. ನಗರದಲ್ಲಿ ಇದು ಗಮನಕ್ಕೂ ಬರದ ಬದಲಾವಣೆ. ಜೊಯಿಡಾ, ಯಲ್ಲಾಪುರ, ಶಿರಸಿಯ ಒಳಹಳ್ಳಿಗಳಲ್ಲಿ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಗೋಪುರವೇ ಆಸರೆ, ಮತ್ತು ಆ ಸಂಸ್ಥೆ ಇಸಿಮ್ ಸೇವೆಗೆ ಕೈಹಾಕಿದ್ದೇ 2025ರ ಉತ್ತರಾರ್ಧದಲ್ಲಿ. ಸಿಗ್ನಲ್ ಸಿಗುವ ಒಂದೇ ಕಂಪನಿಯ ಸಿಮ್ ಕಿಸೆಯಲ್ಲಿದೆ. ಯಂತ್ರದಲ್ಲಿ ಅದನ್ನಿಡಲು ಜಾಗವಿಲ್ಲ. ಕೊಳ್ಳುವ ಮುನ್ನ ಇಸಿಮ್ ಸಿಗುತ್ತದೆಯೇ, ಟ್ಯಾಬ್ಲೆಟ್‌ಗೆ ಹೊಂದುತ್ತದೆಯೇ ಎಂದು ಕಂಪನಿಯ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಮುಟ್ಟಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ದೇಶದ 24,680 ಹಳ್ಳಿಗಳು ಅದರ ಪಟ್ಟಿಯಲ್ಲಿದ್ದವು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ಚಾಲನೆ ಕೊಟ್ಟರು. ಗೋಪುರ ಬರುವುದು ಒಂದು, ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದಾಗ ಆ ಗೋಪುರದ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬುದು ಇನ್ನೊಂದು.

ವೈ-ಫೈ ಮಾತ್ರ ಇರುವ ಅಗ್ಗದ ಮಾದರಿ ಸಾಕು, ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟರಾಯಿತು ಎಂಬುದು ಸಾಮಾನ್ಯ ಸಲಹೆ. ಮನೆಯೊಳಗಿನ ಬಳಕೆಗೆ ಸರಿಯಾದ ಸಲಹೆಯೂ ಹೌದು. ಆದರೆ ವೈ-ಫೈ ಮಾದರಿಯ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ. ಅದು ಸಿಮ್ ಮಾದರಿಯಲ್ಲಿ ಮಾತ್ರ. ಸರ್ವೆ ನಂಬರ್ ತೋರಿಸುವ ದಿಶಾಂಕ್‌ನಂತಹ ಆ್ಯಪ್ ಹಿಡಿದು ಸೊಪ್ಪಿನ ಬೆಟ್ಟದ ಗಡಿ ಹುಡುಕಲು ಹೊರಟವರಿಗೆ ಇದು ಬೆಟ್ಟ ಹತ್ತಿದ ಮೇಲೆ ತಿಳಿಯುವ ಸಂಗತಿ ಆಗಬಾರದು.

2020ರಲ್ಲಿ ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕೂತ ಮಲೆನಾಡಿನ ಮಕ್ಕಳ ಚಿತ್ರ ಎಲ್ಲರಿಗೂ ನೆನಪಿದೆ. ಮರುವರ್ಷ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಯಂತ್ರ ಕೈಗೆ ಬಂತು, ಗುಡ್ಡ ಇದ್ದಲ್ಲೇ ಇತ್ತು.

ಕನ್ನಡ ಎಂಬ ಮೂರಕ್ಷರ

ಐಪ್ಯಾಡ್‌ನಲ್ಲಿ ಕನ್ನಡ ಕೀಲಿಮಣೆ ಇದೆ, ಓದಲು ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಹಳೆಯ ಕಡತ ತೆರೆದಾಗ. ನಮ್ಮ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ, ಸಂಘಸಂಸ್ಥೆಗಳ ಕಂಪ್ಯೂಟರುಗಳಲ್ಲಿ ದಶಕಗಳ ಬರವಣಿಗೆ ‘ನುಡಿ’, ‘ಬರಹ’ದಂತಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿದೆ. ಇಂದಿನ ಯಂತ್ರಗಳೆಲ್ಲ ಬಲ್ಲ ಯುನಿಕೋಡ್ ಸಂಕೇತ ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಹಳೆಯ ಶೈಲಿಯಲ್ಲಿ ಹಾಗಲ್ಲ. ಇಂಗ್ಲಿಷ್ ಅಕ್ಷರದ ಗೂಡಿನಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರ ಗೂಡಿನ ಹಳೆಯ ಒಡೆಯನನ್ನೇ ತೋರಿಸುತ್ತದೆ. ‘ಕನ್ನಡ’ ಎಂಬ ಪದ ತೆರೆದರೆ ಕಾಣುವುದು ಒಂದು ಪಿ, ಓರೆಗೆರೆ ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಗುರುತು, ಮತ್ತೆ ಓರೆಗೆರೆಯ ಎ, ಹೀಗೆ ಮುಂದುವರಿಯುವ ಸಾಲು. ಹೊಸ ಚಿಪ್ ಇದನ್ನು ಇನ್ನಷ್ಟು ಬೇಗ ತೋರಿಸುತ್ತದೆ, ಅಷ್ಟೆ. ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು ಅಥವಾ ಹಳೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತರಬೇಕು.

ಕೃತಕ ಬುದ್ಧಿಮತ್ತೆಯ 3.5 ಪಟ್ಟು ವೇಗದ ಮಾತಿಗೂ ಇಲ್ಲೊಂದು ಅಡಿಟಿಪ್ಪಣಿ ಬೇಕು. ಎಂ5 ಬಿಡುಗಡೆಯ ಹೊತ್ತಿಗೆ ಕಂಪನಿಯ ಕೃತಕ ಬುದ್ಧಿಮತ್ತೆ ಸೌಲಭ್ಯವಾದ ಆ್ಯಪಲ್ ಇಂಟೆಲಿಜೆನ್ಸ್ ಬಲ್ಲ ಭಾಷೆಗಳಲ್ಲಿ ಭಾರತದ ಇಂಗ್ಲಿಷ್ ಇತ್ತು, ಜಪಾನ್, ಕೊರಿಯಾ ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಕನ್ನಡದಲ್ಲೇ ಬರೆದು ಓದುವವರಿಗೆ ಈ ವೇಗ ಊಟಕ್ಕಿಲ್ಲದ ಉಪ್ಪಿನಕಾಯಿ. 34,900ರ ಐಪ್ಯಾಡ್‌ಗೆ ಆ ಸೌಲಭ್ಯವೇ ಇಲ್ಲ ಎಂದು ಹಲವು ವಿಮರ್ಶಕರು ಮೂಗು ಮುರಿದಿದ್ದರು. ಕನ್ನಡದ ಬಳಕೆದಾರ ಆ ಕೊರತೆಗೆ ಕಣ್ಣೀರಿಡಬೇಕಿಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಗೂಗಲ್ ಕೀಲಿಮಣೆ ಕನ್ನಡದ ಕೈಬರಹವನ್ನು ಗುರುತಿಸಿ ಅಕ್ಷರವಾಗಿಸುತ್ತದೆ. ಟೈಪಿಂಗ್ ರೂಢಿಯಿಲ್ಲದ ಹಿರಿಯರಿಗೆ ಇದೊಂದೇ ಕಾರಣ ಸಾಕಾದೀತು. ಹೀಗೆ ಭಾಷೆಯಿಂದ ಯಂತ್ರವನ್ನು ಆರಂಭಿಸುವ ಯೋಚನೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ರೂಪಿಸಿದ ಅಂಗೈ ಯಂತ್ರ ಸಿಂಪ್ಯೂಟರ್ ಇದೇ ಶತಮಾನದ ಆರಂಭದಲ್ಲಿ ಕನ್ನಡ ಪಠ್ಯವನ್ನು ಓದಿ ಹೇಳುವ ಗುರಿ ಇಟ್ಟುಕೊಂಡಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ ಎಂಬುದು ಬೇರೆ ಮಾತು.

ಭಾಗವತರ ಮುಂದಿನ ಪರದೆ

ಬಳಕೆಯಿಂದ ಅಳೆಯುವುದು ಎಂದರೇನು ಎಂಬುದಕ್ಕೆ ಒಂದು ಉದಾಹರಣೆ ಸಾಕು. ದೀಪಾವಳಿಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುತ್ತದೆ. ಕೆಲವು ಭಾಗವತರ ಮುಂದೆ ಈಗ ಪ್ರಸಂಗ ಪುಸ್ತಕದ ಜಾಗದಲ್ಲಿ ಟ್ಯಾಬ್ಲೆಟ್ ಕಾಣುತ್ತದೆ. ಹಳೆಯ ಪ್ರಸಂಗಗಳ ಸ್ಕ್ಯಾನ್ ಪ್ರತಿಗಳು ಸುಲಭವಾಗಿ ಸಿಗುವಂತಾದದ್ದು ಇದಕ್ಕೆ ಕಾರಣ. ಭಾಗವತರ ಎರಡೂ ಕೈಯಲ್ಲಿ ತಾಳ. ಒಂದು ಪದ್ಯ ಮುಗಿದು ಅರ್ಥ ಶುರುವಾಗುವ ಸಂದಿನಲ್ಲಿ ಒಂದು ಬೆರಳು ಚಾಚಿ ಪುಟ ತಿರುಗಿಸಬೇಕು. ಎರಡು ಪುಟ ಒಟ್ಟಿಗೆ ಜಾರಿದರೆ ಕಥೆ ವನವಾಸದಿಂದ ನೇರ ಅಜ್ಞಾತವಾಸಕ್ಕೆ. ರಂಗದ ದೀಪ ನೆತ್ತಿಯ ಮೇಲಿದೆ, ಬೆವರಿದ ಬೆರಳು, ಬೆಳಗಿನವರೆಗೆ ಬ್ಯಾಟರಿ.

ಇಲ್ಲಿ ಎಂ5ಕ್ಕೆ ಏನೂ ಕೆಲಸವಿಲ್ಲ. ಸ್ಕ್ಯಾನ್ ಪುಟ ತಿರುಗಿಸಲು ಸಾದಾ ಐಪ್ಯಾಡ್‌ನ ಎ16 ಚಿಪ್ ಬೇಕಾದಷ್ಟಾಯಿತು. 13 ಇಂಚಿನ ಪರದೆ ಮಾತ್ರ ನಿಜಕ್ಕೂ ಉಪಕಾರಿ. ಅದು ಮುದ್ರಿತ ಪುಟದ ಅಳತೆಗೆ ಹತ್ತಿರ, ಕನ್ನಡಕದ ಕಣ್ಣಿಗೆ ಹಿತ. ದೀಪದ ಪ್ರತಿಫಲನ ತಡೆಯುವ ಒರಟು ಗಾಜು ಐಪ್ಯಾಡ್ ಪ್ರೊನಲ್ಲಿ ಸಿಗುತ್ತದೆ. ಆದರೆ ಅದನ್ನು 1 ಮತ್ತು 2 ಟಿಬಿ ಸಂಗ್ರಹದ ಮಾದರಿಗಳಿಗೆ ಕಟ್ಟಿಹಾಕಿದ್ದಾರೆ. ಒಬ್ಬರ ಬಳಿ ಇರಬಹುದಾದ ಪ್ರಸಂಗಗಳ ಸ್ಕ್ಯಾನ್ ಎಲ್ಲ ಸೇರಿಸಿದರೂ 128 ಜಿಬಿ ತುಂಬುವುದು ಕಷ್ಟ. ಅಂದರೆ ಬೇಕಾದ ಗಾಜಿಗಾಗಿ ಬೇಡವಾದ ಗೋದಾಮು ಕೊಳ್ಳಬೇಕು. ಕೆಲವು ನೂರು ರೂಪಾಯಿಯ ಮಸುಕು ಪರದೆ ಹಾಳೆ ಅಂಟಿಸಿಕೊಂಡರೆ ಮುಗಿಯಿತು. ರಂಗಸ್ಥಳದ ಮಟ್ಟಿಗೆ ಅದೇ ವಿವೇಕ.

ಮುಂದೆ ಆಗಬಹುದಾದದ್ದು

ಹೊಸ ಮಾದರಿ ಬಂದ ಕೂಡಲೇ ಹಳೆಯದರ ದಾಸ್ತಾನು ಅಗ್ಗವಾಗುತ್ತದೆ. ರೂಪ, ಪರದೆ ಎರಡೂ ಒಂದೇ ಆಗಿರುವುದರಿಂದ ಎಂ4 ಮಾದರಿ ರಿಯಾಯಿತಿಯಲ್ಲಿ ಸಿಕ್ಕರೆ ಈ ಬಾರಿಯ ಬುದ್ಧಿವಂತ ಖರೀದಿ ಅದೇ. ಎರಡನೇ ಕೈ ಮಾರುಕಟ್ಟೆಗೂ ಚುರುಕು ಬರುತ್ತದೆ. ಅಲ್ಲಿ ಕೊಳ್ಳುವವರು ವರ್ಷ ನೋಡಿಕೊಳ್ಳಬೇಕು: 2019ರ ಏಳನೇ ತಲೆಮಾರಿನ ಐಪ್ಯಾಡ್‌ಗೆ ಐಪ್ಯಾಡ್ ಓಎಸ್ 26 ಸಿಕ್ಕಿಲ್ಲ. ಸಾಫ್ಟ್‌ವೇರ್ ನಿಂತ ಯಂತ್ರದಲ್ಲಿ ಬ್ಯಾಂಕ್ ಆ್ಯಪ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಅತಿ ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಈ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ.

ದುರಸ್ತಿಯ ಮಾತನ್ನು ಬೆಲೆಯ ಜೊತೆಗೇ ಕೂಡಿಸಬೇಕು. ಆ್ಯಪಲ್‌ನ ಸ್ವಂತ ಮಳಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರ್ 2ರಂದು ತೆರೆದದ್ದು ದೊಡ್ಡ ಸುದ್ದಿಯಾಯಿತು. ಶಿರಸಿಯಿಂದ ಅದು ಸುಮಾರು 400 ಕಿಲೋಮೀಟರ್. ಹುಬ್ಬಳ್ಳಿಗೇ ಸುಮಾರು 100. ಕಾರವಾರದವರು ಅರಬೈಲ್ ಘಟ್ಟ ಹತ್ತಬೇಕು ಅಥವಾ ಗೋವಾದ ದಾರಿ ಹಿಡಿಯಬೇಕು. ದಶಕಗಳಿಂದ ಬಾಕಿಯಿರುವ ಹುಬ್ಬಳ್ಳಿ–ಅಂಕೋಲಾ ರೈಲಿಗೆ ಕಾಯುವುದಾದರೆ ಅಷ್ಟರಲ್ಲಿ ಎಂ50 ಬಂದಿರುತ್ತದೆ. ಒಡೆದ ಪರದೆಗೆ ಎರಡು ಪ್ರಯಾಣ, ಎರಡು ದಿನದ ಕೆಲಸ ಖೋತಾ. ಗಟ್ಟಿ ಕವಚಕ್ಕೆ ಕೊಡುವ ಎರಡು ಸಾವಿರ ಇಲ್ಲಿ ದಂಡವಲ್ಲ.

ಮೊದಲ ಪ್ರತಿಕ್ರಿಯೆಗಳಿಂದ ಏನೂ ಆಗುವುದಿಲ್ಲ ಎಂದುಕೊಳ್ಳುವುದೂ ತಪ್ಪು. ಐಪ್ಯಾಡ್ ಓಎಸ್ 26ರಲ್ಲಿ ಹೊಸ ಕಿಟಕಿ ವ್ಯವಸ್ಥೆ ತರುವ ಭರದಲ್ಲಿ ‘ಸ್ಲೈಡ್ ಓವರ್’ ಎಂಬ ಹಳೆಯ ಸೌಲಭ್ಯವನ್ನು ಕಿತ್ತುಹಾಕಿದ್ದರು. ಒಂದು ಆ್ಯಪ್ ನೋಡುತ್ತಿರುವಾಗಲೇ ಬದಿಯಿಂದ ಇನ್ನೊಂದನ್ನು ಎಳೆದು ತರುವ ಅನುಕೂಲ ಅದು. ದಿನವೂ ಬಳಸುತ್ತಿದ್ದವರು ಗದ್ದಲ ಎಬ್ಬಿಸಿದರು. ನವೆಂಬರ್ 3ರಂದು ಬಂದ 26.1ರಲ್ಲಿ ಅದು ತುಸು ಬೇರೆ ರೂಪದಲ್ಲಿ ಮರಳಿತು. ಏಳು ವಾರದ ಮಾತು. ಚಿಪ್‌ನ ವೇಗದ ಚರ್ಚೆ ಯಾವುದನ್ನೂ ಕದಲಿಸಲಿಲ್ಲ. ನಿತ್ಯದ ಒಂದು ಕೆಲಸ ನಿಂತುಹೋಯಿತು ಎಂಬ ಖಚಿತ ದೂರು ಕೆಲಸ ಮಾಡಿತು. ಇಸಿಮ್ ಒಂದನ್ನೇ ಉಳಿಸಿದ್ದು, ವೈ-ಫೈ ಮಾದರಿಗೆ ಜಿಪಿಎಸ್ ಕೊಡದಿದ್ದುದು, ಕನ್ನಡದ ಕೊರತೆ ಇವೆಲ್ಲ ಅಂಥದೇ ಖಚಿತ ದೂರುಗಳು. ಆದರೆ ಅವುಗಳನ್ನು ಹೇಳಬೇಕಾದವರು ಬೆಂಚ್‌ಮಾರ್ಕ್ ಅಂಕಿಗಳನ್ನೇ ಬಾಯಿಪಾಠ ಮಾಡುತ್ತಿದ್ದಾರೆ.

ಹಾಗಾಗಿ ಹುಬ್ಬಳ್ಳಿಯ ಅಂಗಡಿಗೆ ಹೋದಾಗ ಅಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಬೇಕು. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ತಮ್ಮದೇ ಒಂದು ಹಳೆಯ ನುಡಿ ಕಡತವನ್ನು ಮಿಂಚಂಚೆಯಿಂದ ತೆರೆದು ನೋಡಬೇಕು. ಬೆರಳ ತುದಿ ಒದ್ದೆ ಮಾಡಿಕೊಂಡು ನಾಲ್ಕು ಸಾಲು ಕನ್ನಡ ಟೈಪ್ ಮಾಡಬೇಕು. ಪರದೆಯನ್ನು ಬಿಸಿಲಿಗೆ ಹಿಡಿಯಬೇಕು. ಯಂತ್ರವನ್ನು ಮೇಜಿಗೆ ತಂತಿಯಿಂದ ಕಟ್ಟಿರುತ್ತಾರೆ, ಆದ್ದರಿಂದ ಬಾಗಿಲಿಗೆ ಹತ್ತಿರದ ಮೇಜನ್ನೇ ಆರಿಸಿಕೊಳ್ಳುವುದು ಒಳ್ಳೆಯದು.